ಅರ್ಜಿಯೊಳಗೆ ಚಿತ್ರ ಸೇರಿಸುವ ಕ್ರಮ



ಬೇಸಿಗೆ ಬತ್ತ ತೆನೆ ಬಾಗಿ ಕೊಯ್ಲಿಗೆ ಬಂದಿರುವಾಗ ಆಲಿಕಲ್ಲು ಬಿದ್ದರೆ ಏನಾಗುತ್ತದೆಂಬುದನ್ನು ತುಂಗಭದ್ರೆಯ ನೀರುಣ್ಣುವ ಊರುಗಳವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ಒಂದು ಊರಿನ ರೈತರೊಬ್ಬರು ಮಳೆ ನಿಂತ ಮರುದಿನ ಬೆಳಿಗ್ಗೆಯೇ ಗದ್ದೆಗೆ ಹೋಗಿ ಮೊಬೈಲಿನಲ್ಲಿ ಆರು ಚಿತ್ರ ತೆಗೆದರು. ಕಾಲೇಜಿನಲ್ಲಿ ಓದುವ ಮಗಳು ಮನೆಯ ಕಂಪ್ಯೂಟರಿನಲ್ಲಿ ಅರ್ಜಿ ಬರೆದು, ಆರು ಚಿತ್ರಗಳನ್ನೂ ಒಪ್ಪವಾಗಿ ಜೋಡಿಸಿ, ಪೆನ್‌ಡ್ರೈವಿಗೆ ಹಾಕಿ ಕೊಟ್ಟಳು. ತಾಲ್ಲೂಕು ಊರಿನ ಅಂಗಡಿಯಲ್ಲಿ ಪ್ರಿಂಟ್ ತೆಗೆಸಲು ಹೋದಾಗ ಬರಹವೆಲ್ಲ ಸರಿಯಾಗಿತ್ತು. ಚಿತ್ರಗಳಿರಬೇಕಾದ ಕಡೆ ಮಾತ್ರ ಆರು ಖಾಲಿ ಚೌಕಗಳು, ಒಂದೊಂದರಲ್ಲೂ ಒಂದು ಕೆಂಪು ಗುಣಾಕಾರ ಚಿಹ್ನೆ! ಅಂಗಡಿಯವನು ಫೈಲು ಕೆಟ್ಟಿದೆ ಎಂದನು. ಮಗಳಿಗೆ ಫೋನು ಮಾಡಿದಾಗ ಆಕೆ, “ಅಪ್ಪಾ, ಫೋಟೋ ಎಲ್ಲಾ ಮನ್ಯಾಗಿನ ಕಂಪ್ಯೂಟರಿನ್ಯಾಗ ಉಳದಾವ” ಎಂದಳಂತೆ.

ಮಗಳು ಹೇಳಿದ್ದೇ ಸರಿ. ಅದು ಹೇಗೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಕಂಪ್ಯೂಟರಿನಲ್ಲಿ ಪತ್ರ ಬರೆಯಲು ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಮೈಕ್ರೋಸಾಫ್ಟ್ ವರ್ಡ್. ಹಣ ಕೊಡದೆ ದೊರೆಯುವ ಲಿಬ್ರೆ ಆಫೀಸ್ ರೈಟರನ್ನೂ ಕೆಲವರು ಬಳಸುತ್ತಾರೆ. ಇವುಗಳಲ್ಲಿ ಹೊರಗಿನ ಚಿತ್ರವನ್ನು ಪತ್ರಕ್ಕೆ ತರುವ ಬಗೆ ಎರಡು. ಮೊದಲನೆಯದು, ಚಿತ್ರದ ಪ್ರತಿಯನ್ನೇ ಪತ್ರದೊಳಗೆ ಇಡುವುದು. ಸಸಿಯನ್ನು ಬೇರಿನ ಮಣ್ಣಿನ ಸಮೇತ ಕಿತ್ತು ತಂದು ನೆಟ್ಟಂತೆ ಇದು. ಆಮೇಲೆ ಪತ್ರ ಹೋದಲ್ಲಿಗೆ ಚಿತ್ರವೂ ಹೋಗುತ್ತದೆ. ಎರಡನೆಯದು, ಚಿತ್ರ ಎಲ್ಲಿದೆಯೆಂಬ ವಿಳಾಸವನ್ನು ಮಾತ್ರ ಪತ್ರದಲ್ಲಿ ಬರೆದಿಡುವುದು. ಇದಕ್ಕೆ ‘ಲಿಂಕ್’ ಎನ್ನುತ್ತಾರೆ. ಚಿತ್ರ ಅದೇ ಕಂಪ್ಯೂಟರಿನಲ್ಲಿ, ಅದೇ ಜಾಗದಲ್ಲಿ ಇರುವವರೆಗೆ ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುವುವು. ಪತ್ರ ಊರು ಬಿಟ್ಟು ಹೊರಟಾಗಲೇ ವ್ಯತ್ಯಾಸ ತಿಳಿಯುವುದು. ಬಾವಿ ಇಂಥ ಕಡೆ ಇದೆ ಎಂದು ಬರೆದ ಚೀಟಿಯನ್ನು ಹಿಡಿದು ಪ್ರಯಾಣ ಹೊರಟರೆ ದಾರಿಯಲ್ಲಿ ಬಾಯಾರಿಕೆ ತೀರುವುದಿಲ್ಲ.

ವರ್ಡಿನಲ್ಲಿ ‘ಇನ್ಸರ್ಟ್’ ಎಂಬುದನ್ನು ಒತ್ತಿ, ‘ಪಿಕ್ಚರ್ಸ್’, ಅದರೊಳಗೆ ‘ದಿಸ್ ಡಿವೈಸ್’ ಎಂದು ಆರಿಸಿದರೆ ಚಿತ್ರಗಳ ಪಟ್ಟಿ ತೆರೆಯುತ್ತದೆ. ಬೇಕಾದ ಚಿತ್ರವನ್ನು ಆರಿಸಿ ಕೆಳಗಿರುವ ‘ಇನ್ಸರ್ಟ್’ ಗುಂಡಿಯನ್ನೇ ಒತ್ತಬೇಕು. ಆ ಗುಂಡಿಯ ಮಗ್ಗುಲಲ್ಲಿ ಒಂದು ಸಣ್ಣ ಬಾಣವಿದೆ. ಅದನ್ನು ಒತ್ತಿದರೆ ‘ಲಿಂಕ್ ಟು ಫೈಲ್’ ಎಂಬ ಮಾತೂ ಬರುತ್ತದೆ. ಫೈಲು ಹಗುರವಾಗಲೆಂದು ಮಗಳು ಆರಿಸಿದ್ದು ಅದನ್ನೇ. ರೈಟರಿನಲ್ಲಿ ‘ಇನ್ಸರ್ಟ್’, ‘ಇಮೇಜ್’ ಎಂದು ಹೋದಾಗ ‘ಲಿಂಕ್’ ಎಂಬ ಚೌಕ ಕಾಣುವುದು. ಅದರಲ್ಲಿ ಗುರುತು ಇರಕೂಡದು.

ಲಿಂಕ್ ಕೆಟ್ಟದ್ದೆಂದು ತಿಳಿಯಬೇಡಿ. ನೂರಾರು ಚಿತ್ರಗಳಿರುವ ಪುಸ್ತಕವನ್ನು ಒಂದೇ ಕಂಪ್ಯೂಟರಿನಲ್ಲಿ ತಯಾರಿಸುವವರಿಗೆ ಅದು ಅನುಕೂಲ. ಕಛೇರಿಗೆ ಕೊಡುವ ಅರ್ಜಿಗೆ ಮಾತ್ರ ಅದು ಸಲ್ಲದು.

ಚಿತ್ರ ಒಳಗಿದೆಯೋ ಇಲ್ಲವೋ ಎಂದು ಮನೆಯಲ್ಲಿಯೇ ಪರೀಕ್ಷಿಸಬಹುದು. ಫೈಲಿನ ತೂಕ ನೋಡಿ. ಆರು ಚಿತ್ರಗಳುಳ್ಳ ಅರ್ಜಿ ಇಪ್ಪತ್ತು ಮೂವತ್ತು ಕೆಬಿ ಮಾತ್ರ ಇದ್ದರೆ ಅದರಲ್ಲಿ ಚಿತ್ರಗಳಿಲ್ಲವೆಂದೇ ತಿಳಿಯಬೇಕು. ಇದಕ್ಕಿಂತ ಖಚಿತವಾದ ಪರೀಕ್ಷೆಯೆಂದರೆ ಅರ್ಜಿಯನ್ನು ನೆರೆಮನೆಯ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡುವುದು. ಲಿಂಕ್ ಆಗಿಬಿಟ್ಟಿದ್ದರೆ ಹೆದರಬೇಕಾಗಿಲ್ಲ. ಚಿತ್ರಗಳಿರುವ ಕಂಪ್ಯೂಟರಿನಲ್ಲಿಯೇ ಕುಳಿತು, ಲಿಂಕ್ ಆದ ಚಿತ್ರಗಳನ್ನು ಅಳಿಸಿ, ಮೇಲೆ ಹೇಳಿದಂತೆ ಮತ್ತೆ ಸೇರಿಸಿದರಾಯಿತು.

ಇನ್ನು ಗಾತ್ರದ ಮಾತು. ಈಗಿನ ಮೊಬೈಲು ತೆಗೆಯುವ ಚಿತ್ರವೊಂದು ಸಾಮಾನ್ಯವಾಗಿ 4,000 ಚುಕ್ಕಿ ಅಗಲ, 3,000 ಚುಕ್ಕಿ ಎತ್ತರ ಇರುತ್ತದೆ. ಅರ್ಜಿಯಲ್ಲಿ ಅದನ್ನು ನಾಲ್ಕು ಅಂಗುಲ ಅಗಲಕ್ಕೆ ಮುದ್ರಿಸುವುದಾದರೆ ಅಂಗುಲಕ್ಕೆ 200 ಚುಕ್ಕಿಯಂತೆ 800 ಚುಕ್ಕಿ ಅಗಲ, 600 ಚುಕ್ಕಿ ಎತ್ತರ ಸಾಕು. ಲೆಕ್ಕ ಹಾಕಿ ನೋಡಿದರೆ ನಾವು ಹೊರಿಸುತ್ತಿರುವುದು ಬೇಕಾದ್ದಕ್ಕಿಂತ ಇಪ್ಪತ್ತೈದು ಪಟ್ಟು ಭಾರ! ಮೂಲೆಯ ಚುಕ್ಕಿ ಹಿಡಿದು ಚಿತ್ರವನ್ನು ಕಿರಿದು ಮಾಡಿದರೆ ನೋಟ ಕಿರಿದಾಗುವುದೇ ಹೊರತು ಭಾರ ತಾನಾಗಿ ಇಳಿಯುವುದಿಲ್ಲ. ಭಾರ ಇಳಿಸಲು ‘ಕಂಪ್ರೆಸ್ ಪಿಕ್ಚರ್ಸ್’ ಎಂಬುದನ್ನು ಬಳಸಬೇಕು. ಅಂದಹಾಗೆ, ಹಿಡಿದೆಳೆಯುವಾಗ ಮೂಲೆಯನ್ನೇ ಹಿಡಿಯಿರಿ. ಪಕ್ಕ ಹಿಡಿದು ಎಳೆದರೆ ಬತ್ತದ ಪೈರು ಕಬ್ಬಿನ ದಪ್ಪ ಆಗುತ್ತದೆ, ನೋಡಿದ ಅಧಿಕಾರಿಗೆ ಸಂಶಯ ಬಂದರೆ ಆಶ್ಚರ್ಯವಿಲ್ಲ.

ಇದಕ್ಕಿಂತ ಮುಖ್ಯವಾದುದು ಕತ್ತರಿಸುವ ವಿಷಯ. ಚಿತ್ರದ ಬೇಡದ ಅಂಚನ್ನು ಮರೆಮಾಡಲು ‘ಕ್ರಾಪ್’ ಎಂಬ ಸಾಧನವಿದೆ. ಇಂಗ್ಲಿಷಿನಲ್ಲಿ ಬೆಳೆಗೂ ಇದೇ ಹೆಸರು! ಆದರೆ ಕುಡುಗೋಲಿನಿಂದ ಕೊಯ್ದದ್ದು ಬುಡದಿಂದ ಬೇರೆಯಾಗುತ್ತದೆ. ವರ್ಡಿನಲ್ಲಿ ಕೊಯ್ದದ್ದು ಹಾಗಲ್ಲ, ಬರಿದೇ ಮುಚ್ಚಿರುತ್ತದೆ. ಒಬ್ಬರು ಬ್ಯಾಂಕಿನ ಪಾಸ್ ಪುಸ್ತಕದ ಚಿತ್ರ ಸೇರಿಸಿ, ಜಮಾ-ಖರ್ಚಿನ ಸಾಲುಗಳನ್ನೆಲ್ಲ ಕತ್ತರಿಸಿ, ಹೆಸರಿನ ಸಾಲನ್ನು ಮಾತ್ರ ಉಳಿಸಿದರೆನ್ನಿ. ಆ ಫೈಲು ದೊರೆತ ಯಾರಾದರೂ ಚಿತ್ರದ ಮೇಲೆ ಮತ್ತೆ ‘ಕ್ರಾಪ್’ ಒತ್ತಿ ಅಂಚನ್ನು ಹಿಂದಕ್ಕೆ ಎಳೆದರೆ ಇಡೀ ಪುಟ ಹೊರಬರುವುದು. ಆಧಾರ್ ಸಂಖ್ಯೆಯ ಮೇಲೆ ಕಪ್ಪು ಚೌಕ ಎಳೆದು ಮುಚ್ಚಿದರೂ ಅಷ್ಟೇ, ಚೌಕವನ್ನು ಎತ್ತಿ ಪಕ್ಕಕ್ಕಿಡಬಹುದು. ಆದುದರಿಂದ ಮರೆಮಾಡಬೇಕಾದ್ದನ್ನು ಮೊಬೈಲಿನಲ್ಲಿಯೇ ಕತ್ತರಿಸಿ, ಕತ್ತರಿಸಿದ್ದನ್ನು ಬೇರೆ ಚಿತ್ರವಾಗಿ ಉಳಿಸಿ, ಆ ಚಿತ್ರವನ್ನು ಮಾತ್ರ ಅರ್ಜಿಗೆ ತರತಕ್ಕದ್ದು. ಆಗಲೇ ಸೇರಿಸಿಯಾಗಿದ್ದರೆ ‘ಕಂಪ್ರೆಸ್ ಪಿಕ್ಚರ್ಸ್’ ಒಳಗೆ ಕತ್ತರಿಸಿದ ಭಾಗವನ್ನು ಅಳಿಸುವ ಚೌಕವಿದೆ. ಅದಕ್ಕೆ ಗುರುತು ಹಾಕಿ ಉಳಿಸಬೇಕು. ಅಪರಿಚಿತರ ಕೈಯಲ್ಲಿ ನಮ್ಮ ಖಾತೆಯ ವಿವರ ಸಿಕ್ಕರೆ ಆಗುವ ನಷ್ಟ ಆಲಿಕಲ್ಲಿನ ನಷ್ಟಕ್ಕಿಂತ ಕಡಿಮೆಯಾಗಿರಲಾರದು.

ಚಿತ್ರವಲ್ಲದ ಬೇರೆ ಕಾಗದಗಳೂ ಉಂಟು. ಪಹಣಿಯ ಪಿಡಿಎಫ್ ಪ್ರತಿಯನ್ನು ವರ್ಡಿನೊಳಗೆ ತುರುಕಿದರೆ ಮುದ್ರಣದಲ್ಲಿ ಅದರ ಮೊದಲ ಪುಟವೋ ಅಥವಾ ಬರೀ ಒಂದು ಗುರುತೋ ಬರುವುದು. ಅದನ್ನು ಬೇರೆಯಾಗಿ ಮುದ್ರಿಸಿ ಅರ್ಜಿಯ ಹಿಂದೆ ಪಿನ್ ಹಾಕುವುದೇ ಲೇಸು. ಹಳೆಯ ನುಡಿ ಅಕ್ಷರದಲ್ಲಿ ಬರೆದದ್ದನ್ನು ಯೂನಿಕೋಡ್ ಪತ್ರಕ್ಕೆ ಅಂಟಿಸಿದಾಗ ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ, ಯೂನಿಕೋಡಿಗೆ ಪರಿವರ್ತಿಸಿ ಅಂಟಿಸಬೇಕು. ಮಳೆಯ ಅಳತೆಯ ಪಟ್ಟಿ ಸೇರಿಸುವವರು ಅದನ್ನು ಎಲ್ಲಿಂದ, ಯಾವ ದಿನ ತೆಗೆದುಕೊಂಡೆವೆಂದು ಕೆಳಗೆ ಬರೆಯಲಿ. ಅಂತರ್ಜಾಲದಲ್ಲಿ ಸಿಕ್ಕುವ ಬೇರೆಯವರ ಹೊಲದ ಚಿತ್ರವನ್ನಂತೂ ಸೇರಿಸಲೇಬಾರದು. ಅದೊಂದರಿಂದ ನಿಜವಾದ ಐದು ಚಿತ್ರಗಳ ಮೇಲೂ ನಂಬಿಕೆ ಹೋಗುತ್ತದೆ.

ಪ್ರತಿ ಚಿತ್ರದ ಕೆಳಗೆ ಒಂದು ಸಾಲು ಇರಲಿ: ಸರ್ವೆ ನಂಬರು, ಗದ್ದೆಯ ಯಾವ ಮಗ್ಗುಲು, ತಾರೀಖು, ಗಂಟೆ. ಒಂದು ಚಿತ್ರದಲ್ಲಿ ಗುರುತು ಸಿಗುವ ಮರವೋ ಕಾಲುವೆಯೋ ಕಾಣುವಂತೆ ಇಡೀ ಗದ್ದೆ, ಒಂದರಲ್ಲಿ ಉದುರಿದ ಕಾಳು, ಆಲಿಕಲ್ಲು ಇನ್ನೂ ಕರಗದಿದ್ದರೆ ಅದೂ ಒಂದು. ನಷ್ಟ ನೋಡಲು ಬರುವವರ ಕಣ್ಣಿಗೆ ಅದು ಬೀಳುವಂತಿಲ್ಲವಷ್ಟೆ. ಎಲ್ಲ ಮುಗಿದ ಮೇಲೆ ಅರ್ಜಿಯನ್ನು ಪಿಡಿಎಫ್ ಆಗಿಯೂ ಉಳಿಸಿಕೊಂಡರೆ ಯಾವ ಅಂಗಡಿಯಲ್ಲಿ ತೆರೆದರೂ ಚಿತ್ರ ಜರುಗದು, ಅಕ್ಷರ ಕೆಡದು.

ಇಷ್ಟೆಲ್ಲ ಮಾಡಲು ಸಮಯ ಬೇಕು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನ ನಷ್ಟವನ್ನು 72 ಗಂಟೆಯೊಳಗೆ ತಿಳಿಸಬೇಕು. ಆದುದರಿಂದ ಅರ್ಜಿ ಸಿದ್ಧವಾಗಲೆಂದು ಕಾಯದೆ, ವಿಮೆ ಮಾಡಿಸಿದವರು 14447 ಸಂಖ್ಯೆಗೆ ಫೋನು ಮಾಡಿ ಮೊದಲು ದೂರು ದಾಖಲಿಸತಕ್ಕದ್ದು. ನಮ್ಮ ರೈತರು ಗದ್ದೆಯ ಬದುವಿನ ಮೇಲೆ ನಿಂತೇ ಆ ಕೆಲಸ ಮುಗಿಸಿದ್ದರು. ಅಂದು ಮಗಳು ಚಿತ್ರಗಳನ್ನು ಪತ್ರದೊಳಗೇ ಸೇರಿಸಿ, ಪಿಡಿಎಫ್ ಮಾಡಿ, ಅಂಗಡಿಯವನ ವಾಟ್ಸಾಪಿಗೆ ಕಳಿಸಿದಳು. ಸಂಜೆ ನಾಲ್ಕರ ಹೊತ್ತಿಗೆ ಅರ್ಜಿ ಕಛೇರಿಯ ಮೇಜಿನ ಮೇಲಿತ್ತು. ಮೂಲ ಚಿತ್ರಗಳನ್ನು ಯಾರಾದರೂ ಕೇಳಿದರೆ ವಾಟ್ಸಾಪಿನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಬೇಕೆಂದು ಆಕೆ ತಂದೆಗೆ ಹೇಳಿಕೊಟ್ಟಿದ್ದಾಳೆ. ಬರೀ ಚಿತ್ರವಾಗಿ ಕಳಿಸಿದರೆ ಫೋನು ಅದರೊಳಗೆ ಬರೆದಿಟ್ಟ ದಿನ, ಗಂಟೆ, ಸ್ಥಳದ ವಿವರಗಳು ಅಳಿಸಿಹೋಗುತ್ತವೆ. ಹಣ ಕೈಸೇರುವವರೆಗೆ ಆ ಆರು ಚಿತ್ರಗಳನ್ನು ಅವರು ಫೋನಿನಿಂದ ತೆಗೆದುಹಾಕಿಲ್ಲ.