ಕೊರಿಯಾದ ಮಳೆಗಾಲದ ತಿಂಡಿ: ದಂಪತಿಗಳಿಗೊಂದು ಪಾಠ



ಕೊರಿಯಾವು ಚೀನ ಮತ್ತು ಜಪಾನ್ ದೇಶಗಳ ನಡುವೆ ಚಾಚಿಕೊಂಡಿರುವ ಪರ್ಯಾಯ ದ್ವೀಪ. ಅಲ್ಲಿಯೂ ಜೂನ್ ತಿಂಗಳ ಕೊನೆಯಿಂದ ಸುಮಾರು ಒಂದು ತಿಂಗಳ ಕಾಲ ಮಳೆ ಹಿಡಿಯುತ್ತದೆ. ದಕ್ಷಿಣ ಕೊರಿಯಾದ ಮನೆಗಳಲ್ಲಿ ಮಳೆಯ ದಿನ ‘ಪಾಜೊನ್’ ಎಂಬ ತಿಂಡಿಯನ್ನು ಮಾಡುವುದು ರೂಢಿ. ಹೊಲದ ಕೆಲಸ ನಿಂತಾಗ ಮನೆಯಲ್ಲಿದ್ದ ಹಿಟ್ಟು, ಸೊಪ್ಪುಗಳಿಂದ ಇದನ್ನು ಮಾಡಿಕೊಳ್ಳುತ್ತಿದ್ದರೆಂದು ಕೆಲವರು ಹೇಳುತ್ತಾರೆ. ಕಾವಲಿಯ ಮೇಲೆ ಎಣ್ಣೆ ಚುರುಗುಟ್ಟುವ ಸದ್ದು ಮಳೆಯ ಸದ್ದಿನಂತಿರುವುದೇ ಕಾರಣವೆಂದು ಇನ್ನು ಕೆಲವರ ಮತ.

ತಯಾರಿಸುವ ವಿಧಾನ

ಗೋಧಿ ಹಿಟ್ಟಿಗೆ ನೀರು, ಸ್ವಲ್ಪ ಉಪ್ಪು ಹಾಗೂ ಒಂದು ಮೊಟ್ಟೆಯನ್ನು ಸೇರಿಸಿ, ದೋಸೆಯ ಹಿಟ್ಟಿನ ಹದಕ್ಕೆ ಕಲಸುತ್ತಾರೆ. ಈರುಳ್ಳಿ ಸೊಪ್ಪನ್ನು ಉದ್ದುದ್ದವಾಗಿ ಹೆಚ್ಚಿ ಧಾರಾಳವಾಗಿ ಬೆರೆಸುತ್ತಾರೆ. ಕಡಲತೀರದವರು ಮೀನು, ಸಿಗಡಿ ಮುಂತಾದುವನ್ನೂ ಹಾಕುವುದುಂಟು. ಕಾದ ಕಾವಲಿಗೆ ಎಣ್ಣೆ ಬಿಟ್ಟು, ಹಿಟ್ಟನ್ನು ಹರಡಿ, ಎರಡೂ ಬದಿ ಕೆಂಪಗೆ ಬೇಯಿಸುತ್ತಾರೆ. ಹಿಟ್ಟನ್ನು ಹುದುಗಿಸಬೇಕಾಗಿಲ್ಲ, ಅಡುಗೆಯಲ್ಲಿ ಪಳಗದ ಕೈಗೂ ಇದು ಸಾಧ್ಯ.

ಆರೋಗ್ಯದ ದೃಷ್ಟಿ

ಇದರಲ್ಲಿ ಹಿಟ್ಟು ಶಕ್ತಿಯನ್ನೂ, ಮೊಟ್ಟೆ ಮೀನುಗಳು ದೇಹದ ಬೆಳವಣಿಗೆಗೆ ಬೇಕಾದ ಸಸಾರಜನಕವನ್ನೂ, ಸೊಪ್ಪು ಜೀವಸತ್ವಗಳನ್ನೂ ಒದಗಿಸುತ್ತವೆ. ಎಣ್ಣೆಯು ಮಿತವಾಗಿರತಕ್ಕದ್ದು. ಜೊತೆಗೆ ಬಡಿಸುವ ‘ಕಿಮ್ಚಿ’ಯು ಕೋಸನ್ನು ಉಪ್ಪು, ಮೆಣಸಿನಪುಡಿ, ಬೆಳ್ಳುಳ್ಳಿಗಳೊಡನೆ ಹುದುಗಿಸಿದ ವ್ಯಂಜನ. ಅದು ರುಚಿಕರವಾದರೂ ನಮ್ಮ ಉಪ್ಪಿನಕಾಯಿಯಂತೆ ಉಪ್ಪು ಹೆಚ್ಚಿರುವಂಥದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು. ಪಾಜೊನ್ ಜೊತೆ ‘ಮಕ್ಕೊಲ್ಲಿ’ ಎಂಬ ಅಕ್ಕಿಯ ಮದ್ಯವನ್ನು ಕುಡಿಯುವ ಪದ್ಧತಿಯೂ ಅಲ್ಲಿದೆ. ಇದು ಅನುಕರಣೆಗೆ ತಕ್ಕುದಲ್ಲ; ಗರ್ಭಿಣಿಗೆ ಯಾವ ಮದ್ಯವೂ ಸಲ್ಲದು.

ಕಾವಲಿಯ ಮುಂದೆ ಯಾರು?

ಗಂಡಸು ಅಡುಗೆಮನೆ ಹೊಕ್ಕರೆ ಅವನ ಗಂಡಸುತನವೇ ಉದುರಿಹೋಗುವುದೆಂದು ಕೊರಿಯಾದ ಹಿರಿಯರು ಹೇಳುತ್ತಿದ್ದರು. ಹಿಂದಿನ ಅನುಕೂಲಸ್ಥ ಮನೆತನಗಳಲ್ಲಿ ಗಂಡಸರಿಗೆ ಬೇರೆ ಬೇರೆ ಪುಟ್ಟ ಮೇಜುಗಳಲ್ಲಿ ಮೊದಲು ಬಡಿಸಲಾಗುತ್ತಿತ್ತು; ಹೆಂಗಸರು ಅನಂತರ ಉಣ್ಣುತ್ತಿದ್ದರು. ಈಗ ಹೆಂಡತಿಗಾಗಿ ಕಾವಲಿಯ ಮುಂದೆ ನಿಲ್ಲುವ ಗಂಡ ಅಲ್ಲಿ ಅಪರೂಪವಲ್ಲ. ಪಾಜೊನ್ ಅನ್ನು ನಡುವೆ ಒಂದೇ ತಟ್ಟೆಯಲ್ಲಿಟ್ಟು, ಎಲ್ಲರೂ ಬಿಸಿಯಾಗಿರುವಾಗಲೇ ಮುರಿದು ತಿನ್ನುತ್ತಾರೆ. ಆದರೂ 2019ರ ಸಮೀಕ್ಷೆಯಂತೆ, ಇಬ್ಬರೂ ದುಡಿಯುವ ಮನೆಗಳಲ್ಲಿ ಹೆಂಡತಿ ದಿನಕ್ಕೆ 3 ಗಂಟೆ 7 ನಿಮಿಷವನ್ನೂ, ಗಂಡ ಕೇವಲ 54 ನಿಮಿಷವನ್ನೂ ಮನೆಗೆಲಸಕ್ಕೆ ಕೊಡುತ್ತಿದ್ದರು. ಅದೇ ವರ್ಷ ಭಾರತದಲ್ಲಿ ನಡೆದ ಸಮೀಕ್ಷೆಯಲ್ಲಿ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದವರು ನೂರು ಹೆಂಗಸರಲ್ಲಿ 81 ಮಂದಿ. ನೂರು ಗಂಡಸರಲ್ಲಿ 26 ಮಂದಿ ಮಾತ್ರ.

ನಮ್ಮ ಮನೆಗಳಲ್ಲಿ

ಮಳೆ ಹಿಡಿದರೆ ಗಂಡನ ಹೊಲದ ಕೆಲಸ ನಿಲ್ಲಬಹುದು, ಹೆಂಡತಿಯ ಒಲೆ ನಿಲ್ಲುವುದಿಲ್ಲ. ಒದ್ದೆ ಸೌದೆ ಹೆಚ್ಚು ಹೊಗೆಯುಗುಳುತ್ತದೆ. ಆ ಹೊಗೆ ತಾಯಿಯ ಶ್ವಾಸಕೋಶಕ್ಕೆ ಕೆಡುಕು. ಗರ್ಭಿಣಿ ಅದನ್ನು ಸೇವಿಸುತ್ತಿದ್ದರೆ ಹುಟ್ಟುವ ಮಗುವಿನ ತೂಕ ಕಡಿಮೆಯಾಗುವ ಸಂಭವವುಂಟು. ಎಲ್ಲರಿಗೂ ದೋಸೆ ಹುಯ್ದು ಕೊಟ್ಟವಳ ಪಾಲಿಗೆ ಕೊನೆಗೆ ಹರಿದ ದೋಸೆಯೊಂದು, ತಳದ ಚಟ್ನಿಯಷ್ಟು ಉಳಿಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತು. ಕಡೆಯಲ್ಲಿ ಉಣ್ಣುವ ಪದ್ಧತಿಯೊಂದೇ ಇದಕ್ಕೆ ಕಾರಣವಲ್ಲ. ಆದರೆ ಮನೆಯೊಳಗೇ ನಾವು ತಿದ್ದಿಕೊಳ್ಳಬಹುದಾದ ಕಾರಣಗಳಲ್ಲಿ ಅದೂ ಒಂದು.

ಆದುದರಿಂದ ಈ ಕೆಳಗಿನವುಗಳನ್ನು ಪಾಲಿಸಿರಿ:

1. ಮಳೆಯಿಂದ ಬಿಡುವು ದೊರೆತ ದಿನ ಪತಿಯು ಒಂದು ಹೊತ್ತಿನ ಅಡುಗೆಯನ್ನಾದರೂ ವಹಿಸಿಕೊಳ್ಳಲಿ. ಪಾಜೊನ್ ಆಗಬೇಕೆಂದಿಲ್ಲ, ನುಗ್ಗೆಸೊಪ್ಪು ಬೆರೆಸಿದ ರಾಗಿರೊಟ್ಟಿಯಾದರೂ ಸರಿಯೇ.
2. ಸೌದೆಯನ್ನು ಮಳೆಗಾಲಕ್ಕೆ ಮೊದಲೇ ಒಣಗಿಸಿ ಸಂಗ್ರಹಿಸಿರಿ. ಒಲೆ ಉರಿಯುವಾಗ ಕಿಟಕಿ ಬಾಗಿಲುಗಳು ತೆರೆದಿರಲಿ.
3. ಪತಿ ಪತ್ನಿಯರು ಒಟ್ಟಿಗೆ ಕುಳಿತು, ಒಂದೇ ಬಗೆಯ ಆಹಾರವನ್ನು ಉಣ್ಣಿರಿ.
4. ಗರ್ಭಿಣಿ ಮತ್ತು ಬಾಣಂತಿಯರಿಗೆ ಮೊದಲು ಬಡಿಸಿರಿ.

ಚರ್ಚೆಗೆ ಪ್ರಶ್ನೆಗಳು

1. ನಿನ್ನೆ ನಿಮ್ಮ ಮನೆಯಲ್ಲಿ ಕೊನೆಗೆ ಉಂಡವರು ಯಾರು? ಅವರಿಗೆ ಏನು ಉಳಿದಿತ್ತು?
2. ಪತಿಗೆ ಬರುವ ಅಡುಗೆಗಳು ಯಾವುವು? ಮುಂದಿನ ಮಳೆಯ ದಿನಕ್ಕೆ ಯಾವುದನ್ನು ಕಲಿಯಬಹುದು?