‘ಯಾರ ಸಹಿ ಸರ್?’: ಗ್ರಾಫಿಕ್ಸ್ ಕಾರ್ಡ್ ಡ್ರೈವರ್ ಕುರಿತು ಒಂದು ಪಾಠ ಮತ್ತು ಅದರ ಹಿಂದಿನ ತಪ್ಪು

ಹಿನ್ನೆಲೆ

ಬೋಧನಾಭ್ಯಾಸದ ಮೂರನೆಯ ವಾರ ಒಂಬತ್ತನೆಯ ತರಗತಿಗೆ ಶಂಕುವಿನ ಮೇಲ್ಮೈ ವಿಸ್ತೀರ್ಣದ ಪಾಠ ಮಾಡಬೇಕಿತ್ತು. ಜಿಯೋಜಿಬ್ರಾದಲ್ಲಿ ಶಂಕುವನ್ನು ತಿರುಗಿಸಿ ತೋರಿಸುವುದು ನನ್ನ ಯೋಜನೆ. ಶಾಲೆಯ ಪ್ರಯೋಗಾಲಯದಲ್ಲಿ ಪ್ರೊಜೆಕ್ಟರಿಗೆ ಜೋಡಿಸಿದ್ದ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಬಹಳ ಹಳೆಯದು. ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಅದಕ್ಕೆ ಕಂಪನಿಯ ಡ್ರೈವರ್ ಸಿಗುತ್ತಿರಲಿಲ್ಲ. ವಿಂಡೋಸಿನ ಮೂಲ ಡಿಸ್‌ಪ್ಲೇ ಡ್ರೈವರಿನಲ್ಲಿ ಶಂಕು ತಡವರಿಸುತ್ತಾ ತಿರುಗುತ್ತಿತ್ತು.

ಪಾಠದ ಹಿಂದಿನ ಸಂಜೆ, ಯಾರೋ ಮಾರ್ಪಡಿಸಿದ್ದ ಅನಧಿಕೃತ ಡ್ರೈವರ್ ಒಂದನ್ನು ಹುಡುಕಿ ತಂದೆ. ಸಹಿ ಇಲ್ಲದ್ದರಿಂದ ವಿಂಡೋಸ್ ಅದನ್ನು ಒಪ್ಪಲಿಲ್ಲ. ಸಹಿ ಪರಿಶೀಲನೆಯನ್ನು ನಿಲ್ಲಿಸುವ ಆಯ್ಕೆಯಿಂದ ಯಂತ್ರವನ್ನು ಮತ್ತೆ ಚಾಲೂ ಮಾಡಿ ಹಾಕಿದೆ. ಶಂಕು ಸರಾಗವಾಗಿ ತಿರುಗಿತು. ಯಾರನ್ನೂ ಕೇಳಿರಲಿಲ್ಲ, ಯಾರಿಗೂ ಹೇಳಲಿಲ್ಲ.

ಮಾರನೆಯ ದಿನ ವೀಕ್ಷಣೆಗೆ ನಮ್ಮ ಪ್ರಾಧ್ಯಾಪಕರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಕಂಪ್ಯೂಟರ್ ಚಾಲೂ ಆಯಿತು. ಶಂಕು ಮತ್ತೆ ತಡವರಿಸಿತು. ಪರಿಶೀಲನೆಯನ್ನು ನಿಲ್ಲಿಸುವ ಆ ಆಯ್ಕೆ ಒಂದೇ ಬಾರಿಗೆ ಅನ್ವಯಿಸುತ್ತದೆ; ಮರುಚಾಲನೆಯಾದೊಡನೆ ಪರಿಶೀಲನೆ ಮರಳಿ ಬರುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. “ವೋಲ್ಟೇಜ್ ಸರಿಯಿಲ್ಲ ಅನ್ಸುತ್ತೆ” ಎಂದುಬಿಟ್ಟೆ. ಡಿವೈಸ್ ಮ್ಯಾನೇಜರ್ ತೆರೆದಾಗ ಹಳದಿ ತ್ರಿಕೋನದ ಪಕ್ಕದ ಸಂದೇಶ ಪರದೆಯ ಮೇಲೆಲ್ಲ ಕಾಣಿಸಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಅದನ್ನು ಓದಿ ಕೇಳಿದಳು: “ಡಿಜಿಟಲ್ ಸಹಿ ಪರಿಶೀಲಿಸೋಕೆ ಆಗ್ಲಿಲ್ಲ ಅಂತಿದೆ. ಯಾರ ಸಹಿ ಸರ್?”

ಆ ಪಾಠವನ್ನು ಕಾಗದ ಸುತ್ತಿ ಶಂಕು ಮಾಡಿ ಮುಗಿಸಿದೆ. ಮಧ್ಯಾಹ್ನ ಮಾರ್ಗದರ್ಶಕ ಶಿಕ್ಷಕರ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. “ಮೊದಲು ಇದ್ದ ಹಾಗೆ ಮಾಡಿ. ಆಮೇಲೆ ಆ ಹುಡುಗಿಗೆ ಉತ್ತರ ಕೊಡಿ” ಎಂದರು. ಹಾಕಿದ್ದನ್ನು ತೆಗೆದು ಮೂಲ ಡ್ರೈವರಿಗೆ ಮರಳಿಸಿದೆ. ಉತ್ತರವೇ ಮುಂದಿನ ವಾರದ ಪಾಠವಾಯಿತು.

ಉದ್ದೇಶಗಳು

ವಿದ್ಯಾರ್ಥಿಗಳು:
1. ಡ್ರೈವರಿನ ಕೆಲಸವನ್ನು ವಿವರಿಸುವರು.
2. ಸಹಿ ಮತ್ತು ಪ್ರಮಾಣೀಕರಣದ ನಡುವಿನ ವ್ಯತ್ಯಾಸ ಗುರುತಿಸುವರು.
3. ಒಂದು ಸಂದರ್ಭ ಕೊಟ್ಟಾಗ ಯಾವ ಡ್ರೈವರ್ ಸೂಕ್ತವೆಂದು ಕಾರಣಸಹಿತ ತೀರ್ಮಾನಿಸುವರು.

ತೊಡಗಿಸಿಕೊಳ್ಳುವಿಕೆ (8 ನಿಮಿಷ)

ಹಿಂದಿನ ವಾರದ ಸಂದೇಶವನ್ನೇ ಕಪ್ಪುಹಲಗೆಯ ಮೇಲೆ ಬರೆದೆ. “ಅವತ್ತು ವೋಲ್ಟೇಜ್ ಚೆನ್ನಾಗಿಯೇ ಇತ್ತು. ತಪ್ಪು ನನ್ನದು” ಎಂದು ಹೇಳಿ, ಮಾಡಿದ್ದನ್ನು ವಿವರಿಸಿದೆ. ತರಗತಿ ಒಂದು ಕ್ಷಣ ಸುಮ್ಮನಾಗಿ, ನಂತರ ಪ್ರಶ್ನೆಗಳು ಶುರುವಾದವು. ಡ್ರೈವರ್ ಎಂದರೆ ಕಾರ್ಯಾಚರಣಾ ವ್ಯವಸ್ಥೆಗೂ ಕಾರ್ಡಿಗೂ ನಡುವಿನ ದುಭಾಷಿ ಎಂದೆ. ಒಬ್ಬ ಹುಡುಗ, “ದುಭಾಷಿ ತಪ್ಪು ಹೇಳಿದ್ರೆ?” ಎಂದ. ಗ್ರಾಫಿಕ್ಸ್ ಡ್ರೈವರಿನ ಒಂದು ಭಾಗ ವ್ಯವಸ್ಥೆಯ ಒಳಮನೆಯಲ್ಲೇ, ಕರ್ನೆಲ್ಲಿನಲ್ಲೇ, ಕೆಲಸ ಮಾಡುತ್ತದೆ. ಅಲ್ಲಿ ತಪ್ಪಾದರೆ ಇಡೀ ಯಂತ್ರ ನಿಲ್ಲಬಹುದು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದ 64-ಬಿಟ್ ಆವೃತ್ತಿಯಿಂದ ಇಂಥ ಡ್ರೈವರುಗಳಿಗೆ ಸಹಿ ಕಡ್ಡಾಯವಾದದ್ದು ಈ ಕಾರಣಕ್ಕೂ ಹೌದು.

ಪರಿಶೋಧನೆ (12 ನಿಮಿಷ)

ಒಂದು ಗುಂಪು ಚೀಟಿಯಲ್ಲಿ 4, 7, 2, 9 ಎಂದು ಬರೆದು ಮೊತ್ತ 22 ಎಂದು ನಮೂದಿಸಿತು. ಚೀಟಿಯನ್ನು ಸಾಗಿಸುವ ಗುಂಪು ಗುಟ್ಟಾಗಿ ಒಂದು ಅಂಕಿ ಬದಲಿಸಬೇಕು. ಪಡೆಯುವ ಗುಂಪು ಪತ್ತೆಹಚ್ಚಬೇಕು. 7 ಅನ್ನು 8 ಮಾಡಿದಾಗ ಮೊತ್ತ 23 ಆಗಿ ಸಿಕ್ಕಿಬಿದ್ದರು. ಆಮೇಲೆ ಒಂದು ಗುಂಪು 7 ಮತ್ತು 2ರ ಸ್ಥಾನ ಅದಲುಬದಲು ಮಾಡಿತು. ಮೊತ್ತ ಮತ್ತೆ 22! ಇದು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಪ್ರತಿ ಅಂಕಿಯನ್ನು ಅದರ ಸ್ಥಾನಸಂಖ್ಯೆಯಿಂದ ಗುಣಿಸಿ ಕೂಡಿಸಲು ಹೇಳಿದೆ. ಮೂಲಕ್ಕೆ 60, ಅದಲುಬದಲಾದದ್ದಕ್ಕೆ 65 ಬಂತು. ನಿಜವಾದ ಡ್ರೈವರಿನಲ್ಲಿ ಇದಕ್ಕಿಂತ ಎಷ್ಟೋ ಬಿಗಿಯಾದ ಹ್ಯಾಶ್ ಎಂಬ ಲೆಕ್ಕ ಇರುತ್ತದೆ. ಕಡತದಲ್ಲಿ ಒಂದಕ್ಷರ ಬದಲಾದರೂ ಸಹಿ ಹೊಂದುವುದಿಲ್ಲ ಎಂಬುದು ಆಗ ಸುಲಭವಾಗಿ ತಲುಪಿತು.

ವಿವರಣೆ (10 ನಿಮಿಷ)

ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿ ಸಹಿ ಹಾಕುತ್ತಾರೆ. ಅದು ನಕಲು ಮೂಲದಂತೆಯೇ ಇದೆ ಎನ್ನುತ್ತದೆ. ವಿದ್ಯಾರ್ಥಿ ಜಾಣ ಎನ್ನುವುದಿಲ್ಲ. ಡಿಜಿಟಲ್ ಸಹಿಯೂ ಹಾಗೆ: ಯಾರಿಂದ ಬಂತು, ನಡುವೆ ಬದಲಾಗಿಲ್ಲವೇ, ಇಷ್ಟನ್ನೇ ಹೇಳುತ್ತದೆ. ಮೈಕ್ರೋಸಾಫ್ಟಿನ ಡಬ್ಲ್ಯುಎಚ್‌ಕ್ಯುಎಲ್ ಪ್ರಮಾಣೀಕರಣ ಇನ್ನೊಂದು ಹೆಜ್ಜೆ ಮುಂದೆ. ಡ್ರೈವರ್ ನಿಗದಿತ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿರಬೇಕು.

ಹಾಗಾದರೆ ಪ್ರಮಾಣಿತವಾದದ್ದೆಲ್ಲ ನಿರ್ದೋಷವೇ? ಮೂರು ಪ್ರಸಂಗಗಳನ್ನು ಮುಂದಿಟ್ಟೆ.

• 2010ರ ಮಾರ್ಚಿನಲ್ಲಿ ಎನ್‌ವಿಡಿಯಾದ 196.75 ಡ್ರೈವರ್ ಪ್ರಮಾಣಿತವಾಗಿದ್ದರೂ ಫ್ಯಾನ್ ನಿಯಂತ್ರಣದ ದೋಷದಿಂದ ಕಾರ್ಡುಗಳು ಬಿಸಿಯೇರುತ್ತಿವೆ ಎಂಬ ದೂರು ಬಂದು, ಕಂಪನಿಯೇ ಅದನ್ನು ಹಿಂದಕ್ಕೆ ಪಡೆಯಿತು.
• 2022ರಲ್ಲಿ ಅದೇ ಕಂಪನಿಯಿಂದ ಕಳುವಾದ, ಅವಧಿ ಮೀರಿದ ಸಹಿ ಪ್ರಮಾಣಪತ್ರಗಳನ್ನು ಬಳಸಿ ದುಷ್ಟ ತಂತ್ರಾಂಶಗಳಿಗೆ ಸಹಿ ಹಾಕಲಾಯಿತು.
• ಎನ್‌ವಿಡಿಯಾ ಕಾರ್ಡುಗಳಿಗೆ ಸ್ವಯಂಸೇವಕರು ಕಟ್ಟಿದ ‘ನೂವೋ’ ಡ್ರೈವರ್ ಕಂಪನಿಯದಲ್ಲ. ಆದರೂ 2010ರಿಂದ ಲಿನಕ್ಸ್ ಕರ್ನೆಲ್ಲಿನ ಭಾಗವಾಗಿದೆ. ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು. ಮಿತಿಯೂ ಉಂಟು: 2014ರ ಜಿಟಿಎಕ್ಸ್ 970, 980ರಂಥ ಕಾರ್ಡುಗಳು ಕಂಪನಿಯ ಸಹಿ ಇರುವ ಫರ್ಮ್‌ವೇರನ್ನೇ ಬೇಡುವುದರಿಂದ, ಅವುಗಳ ವೇಗವನ್ನು ಪೂರ್ತಿ ಏರಿಸಲು ನೂವೋಗೆ ಆಗಿಲ್ಲ.

ಅಂದರೆ ‘ಅನಧಿಕೃತ’ ಎಂಬ ಒಂದೇ ಪದದಡಿ ಎರಡು ಬೇರೆ ವಸ್ತುಗಳಿವೆ: ಹಲವರ ಕಣ್ಣೆದುರು ಬೆಳೆದದ್ದು ಒಂದು, ನಾನು ತಂದಂತೆ ಯಾರು, ಏನು ಬದಲಿಸಿದರೆಂದೇ ತಿಳಿಯದ್ದು ಇನ್ನೊಂದು.

ಮೌಲ್ಯಮಾಪನ (10 ನಿಮಿಷ)

ಗುಂಪುಗಳು ಚರ್ಚಿಸಿ ನಾಲ್ಕು ಪ್ರಶ್ನೆಗಳ ತೂಕದ ಪಟ್ಟಿ ಮಾಡಿದವು: ಅಗತ್ಯ ನಿಜವೇ? ಮಾಡಿದವರು ಯಾರೆಂದು ಗೊತ್ತೇ? ಹಿಂದಕ್ಕೆ ಹೋಗುವ ದಾರಿ ಇದೆಯೇ? ಯಂತ್ರ ಯಾರದು? ನಾಲ್ಕನೆಯದನ್ನು ಸೇರಿಸಿದ್ದು ಮಕ್ಕಳೇ. “ನಿಮ್ಮ ಮನೆ ಕಂಪ್ಯೂಟರ್ ಆಗಿದ್ರೆ ಪರವಾಗಿರ್ಲಿಲ್ಲ ಸರ್, ಇದು ಎಲ್ಲರದ್ದು” ಎಂದ ಒಬ್ಬ. ನನ್ನ ತಪ್ಪಿಗೆ ಈ ಪಟ್ಟಿ ಅನ್ವಯಿಸಿದಾಗ ಮೊದಲ ಪ್ರಶ್ನೆಯಲ್ಲೇ ಸೋತೆ: ಕಾಗದದ ಶಂಕುವಿನಿಂದ ಪಾಠ ಆಗಿತ್ತಲ್ಲ!

ಚಿಂತನೆ

ವಿವರಣೆಯ ಹಂತದಲ್ಲಿ ಮೂರು ಪ್ರಸಂಗ ಹೆಚ್ಚಾಯಿತು. ಮುಂದೆ ಎರಡಕ್ಕೆ ಇಳಿಸಿ, ಚೀಟಿ ಚಟುವಟಿಕೆಗೆ ಸಮಯ ಕೊಡುತ್ತೇನೆ. ಮೊದಲ ದಿನದ ವೀಕ್ಷಣಾ ಪುಸ್ತಕದಲ್ಲಿ ‘ಬೋಧನೋಪಕರಣದ ಸಿದ್ಧತೆ’ ಕಾಲಮಿಗೆ ಕಡಿಮೆ ಅಂಕ ಬಂದಿದೆ, ಅದು ನ್ಯಾಯವೇ. ಸಹಪಾಠಿಗಳಿಗೆ ನನ್ನ ಸಲಹೆ ಇಷ್ಟು: ಶಾಲೆಯ ಯಂತ್ರದಲ್ಲಿ ಏನನ್ನಾದರೂ ಬದಲಿಸುವ ಮೊದಲು ಕೇಳಿ; ಬದಲಿಸಿದರೆ ಪುಸ್ತಕದಲ್ಲಿ ಬರೆದಿಡಿ; ಪಾಠದ ಬೆಳಿಗ್ಗೆ ಒಮ್ಮೆ ಪೂರ್ತಿ ಆರಿಸಿ, ಮತ್ತೆ ಚಾಲೂ ಮಾಡಿ ನೋಡಿ. ಜೊತೆಗೆ, ಚೀಲದಲ್ಲಿ ನಾಲ್ಕು ಹಾಳೆ ಕಾಗದ ಇರಲಿ.