ಹತ್ತುವ ಮೊದಲು ಕುಳಿತುಕೊಂಡವರು



ಪ್ಯಾರಾ ಕಮಾಂಡೋ ಅಂದ್ರೆ ನಿಮ್ಮಲ್ಲಿ ತುಂಬಾ ಜನರಿಗೆ ಇಷ್ಟ. ವಿಮಾನದಿಂದ ಜಿಗಿಯೋ ರೀಲ್ಸ್ ನೋಡ್ತೀರಿ, ಸ್ಟೇಟಸ್‌ಗೂ ಹಾಕ್ತೀರಿ. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಆದರೆ ಇವತ್ತು ನಾನು ಹೇಳೋದು ಪ್ಯಾರಾಶೂಟ್ ಇಲ್ಲದ, ಕಾಲಿನಿಂದಲೇ ಬೆಟ್ಟ ಹತ್ತಿಸಿದ ಒಬ್ಬ ಸೈನ್ಯಾಧಿಕಾರಿಯ ಬಗ್ಗೆ. ನಮ್ಮ ದಾವಣಗೆರೆ ಜಿಲ್ಲೆಯವರೇ: ಕರ್ನಲ್ ಎಂ.ಬಿ. ರವೀಂದ್ರನಾಥ್.

ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ ಸೈನ್ಯಕ್ಕೆ ಸೇರಿದವರು. 1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ 2ನೇ ರಾಜಪುತಾನ ರೈಫಲ್ಸ್ ಬೆಟಾಲಿಯನ್‌ನ ಕಮಾಂಡಿಂಗ್ ಆಫೀಸರ್ ಆಗಿದ್ದರು. ಅಂದ್ರೆ ಅಷ್ಟೂ ಜನ ಸೈನಿಕರ ಜೀವ ಅವರ ಒಂದು ಆದೇಶದ ಮೇಲೆ.

ದ್ರಾಸ್ ಪಕ್ಕದ ತೋಲೋಲಿಂಗ್ ಅಂದ್ರೆ ಏನು ಅಂತ ಸ್ವಲ್ಪ ಊಹಿಸಿಕೊಳ್ಳಿ. ಕುಕ್ಕುವಾಡದ ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆ ನೋಡಿ ಬೆಳೆದ ನಮಗೆ ಅದು ಕಷ್ಟವೇ. ಸುಮಾರು 15,000 ಅಡಿ ಎತ್ತರ. ಮರ ಇಲ್ಲ, ಅಡಗೋಕೆ ಜಾಗ ಇಲ್ಲ, ಉಸಿರಾಡೋದೇ ಒಂದು ಕೆಲಸ. ಮೇಲೆ ಶತ್ರು ಬಂಕರ್ ಕಟ್ಟಿಕೊಂಡು ಕುಳಿತಿದ್ದಾನೆ, ಕೆಳಗೆ ಶ್ರೀನಗರ-ಲೇಹ್ ಹೆದ್ದಾರಿ ಪೂರಾ ಅವನ ಕಣ್ಣಿಗೆ ಕಾಣ್ತದೆ.

ಮೇ ತಿಂಗಳಿಂದಲೇ 18ನೇ ಗ್ರೆನೇಡಿಯರ್ಸ್ ಸೈನಿಕರು ಅದನ್ನು ಹತ್ತಲು ಮತ್ತೆ ಮತ್ತೆ ಪ್ರಯತ್ನಿಸಿದ್ದರು. ಮೇಜರ್ ರಾಜೇಶ್ ಅಧಿಕಾರಿ, ಲೆಫ್ಟಿನೆಂಟ್ ಕರ್ನಲ್ ವಿಶ್ವನಾಥನ್ ಸೇರಿ ಅನೇಕರು ಅಲ್ಲಿ ಪ್ರಾಣ ಕೊಟ್ಟರು. ತುದಿ ಸಿಗಲಿಲ್ಲ. ಆದರೆ ಗಮನಿಸಿ, ಅವರು ಇಳಿದು ಹೋಗಲಿಲ್ಲ. ಶಿಖರದ ಕೆಳಗೆ ಹಿಡಿದಿದ್ದ ಜಾಗವನ್ನು ಬಿಡದೆ ಕಾದರು. ಮುಂದೆ ರವೀಂದ್ರನಾಥರ ಹುಡುಗರು ಏರಿದ್ದು ಆ ಜಾಗದಿಂದಲೇ. ಬಿತ್ತುವವನೊಬ್ಬ, ಕೊಯ್ಯುವವನೊಬ್ಬ ಎಂದು ಯೋಹಾನ 4ರಲ್ಲಿ ಓದುತ್ತೇವಲ್ಲ, ಸೋತವರು ಅಂತ ಅವರನ್ನು ಯಾರೂ ಕರೆಯಬಾರದು.

ಈಗ ರವೀಂದ್ರನಾಥರ ಸ್ಥಿತಿ ಯೋಚಿಸಿ. ಇಡೀ ದೇಶ ಟಿವಿ ಮುಂದೆ ಕುಳಿತು ‘ಯಾವಾಗ?’ ಅಂತ ಕೇಳ್ತಿದೆ. ಅವರು ಬಂದ ಕೂಡಲೇ ಹತ್ತಿಸಲಿಲ್ಲ. ಎತ್ತರದ ಗಾಳಿಗೆ ಸೈನಿಕರ ದೇಹ ಒಗ್ಗಬೇಕು, ದಾರಿ ನೋಡಬೇಕು, ಆಯುಧ ಪರೀಕ್ಷಿಸಬೇಕು, ಫಿರಂಗಿಗಳ ಬೆಂಬಲ ಬೇಕು. ತಯಾರಿಗೆ ದಿನಗಳನ್ನು ಕೊಟ್ಟರು. ಲೂಕ 14:31ರಲ್ಲಿ ಯೇಸು ಹೇಳಿದ ಅರಸ ನೆನಪಾಗ್ತಾನೆ: ಯುದ್ಧಕ್ಕೆ ಹೊರಡುವ ಮೊದಲು ಕುಳಿತುಕೊಂಡು ಲೆಕ್ಕ ಹಾಕುವವನು. ನಾವು ‘ವಿಶ್ವಾಸ ಇದ್ರೆ ಸಾಕು, ಲೆಕ್ಕ ಯಾಕೆ’ ಅಂತೀವಿ. ಆ ಮಾತು ಹೇಳಿದ್ದು ಯೇಸು ಅಲ್ಲ!

ಜೂನ್ 12ರ ರಾತ್ರಿ ಆಕ್ರಮಣ ಶುರುವಾಯಿತು. 13ರಂದು ತೋಲೋಲಿಂಗ್ ನಮ್ಮದಾಯಿತು. ಮುಂದೆ ನಿಂತು ಹೋರಾಡಿದ ಮೇಜರ್ ವಿವೇಕ್ ಗುಪ್ತಾ ತಿರುಗಿ ಬರಲಿಲ್ಲ. ಅದೇ ತಿಂಗಳ ಕೊನೆಗೆ ಇನ್ನೊಂದು ಶಿಖರದ ಹೋರಾಟದಲ್ಲಿ ಮೇಜರ್ ಪದ್ಮಪಾಣಿ ಆಚಾರ್ಯ, ಕ್ಯಾಪ್ಟನ್ ವಿಜಯಂತ್ ಥಾಪರ್, ನಾಗಾಲ್ಯಾಂಡಿನ ಕ್ಯಾಪ್ಟನ್ ಕೆಂಗುರುಸೆ ಹೋದರು. ಕೆಂಗುರುಸೆ ಬಂಡೆ ಜಾರುತ್ತದೆಂದು ಆ ಚಳಿಯಲ್ಲಿ ಬೂಟು ಕಳಚಿ ಬರಿಗಾಲಲ್ಲಿ ಹತ್ತಿದವರು.

ಇಲ್ಲಿ ಒಂದು ವಿಷಯ ನನ್ನನ್ನು ಬಹಳ ಮುಟ್ಟಿತು. ಆ ಒಂದೇ ಬೆಟಾಲಿಯನ್‌ಗೆ ನಾಲ್ಕು ಮಹಾವೀರ ಚಕ್ರ ಬಂತು: ಗುಪ್ತಾ, ಆಚಾರ್ಯ, ಕೆಂಗುರುಸೆ, ಮತ್ತು ಬದುಕಿ ಬಂದ ನಾಯಕ್ ದಿಗೇಂದ್ರ ಕುಮಾರ್. ಅವರ ನಾಯಕ ರವೀಂದ್ರನಾಥರಿಗೆ ಬಂದದ್ದು ವೀರ ಚಕ್ರ, ಅಂದ್ರೆ ಒಂದು ಮೆಟ್ಟಿಲು ಕೆಳಗಿನದು. ತನ್ನ ಕೈಕೆಳಗಿನವರು ತನಗಿಂತ ದೊಡ್ಡ ಗೌರವ ಪಡೆಯುವಂತೆ ನಡೆಸಿದ ನಾಯಕ. ನಮ್ಮ ಕ್ವಾಯರ್‌ನಲ್ಲಿ ಮೈಕ್ ಯಾರಿಗೆ ಅಂತ ಜಗಳ ಆಗ್ತದಲ್ಲ, ಅವರು ಇದನ್ನು ಎರಡು ಸಲ ಓದಿ.

ಯುದ್ಧದ ನಂತರ ಅವರು ಸುಮಾರು 19 ವರ್ಷ ಬದುಕಿದರು. 2018ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಸತ್ತವರ ಹೆಸರು ಸರ್ಕಲ್‌ಗೆ ಇಡ್ತೀವಿ, ಬದುಕಿ ಬಂದವರ ಮನಸ್ಸಿನ ಭಾರ ಕೇಳೋದಿಲ್ಲ. ಕಳುಹಿಸಿದ ಹುಡುಗರ ಮುಖಗಳನ್ನು ಹೊತ್ತು ಅಷ್ಟು ವರ್ಷ ಬದುಕೋದೂ ಸೇವೆಯೇ ಅಂತ ನನಗೆ ಅನಿಸ್ತದೆ. ನಿಮ್ಮ ಮನೆಯ ಹತ್ತಿರ ನಿವೃತ್ತ ಸೈನಿಕರಿದ್ದರೆ ಈ ವಾರ ಹೋಗಿ ಮಾತಾಡಿಸಿ. ಯುದ್ಧದ ಕಥೆ ಹೇಳಿ ಅಂತ ಒತ್ತಾಯ ಮಾಡಬೇಡಿ, ಸುಮ್ಮನೆ ಕುಳಿತು ಚಹಾ ಕುಡಿಯಿರಿ.

ಬರುವ ಶನಿವಾರಕ್ಕೆ ಲೂಕ 14:25ರಿಂದ 33 ಓದಿಕೊಂಡು ಬನ್ನಿ.